ಬಚ್ಚಲ ಹಿಂದಿನ ಅನಾನಸ್

ಯುಗಾದಿ ಕಳೆದು ಹೊಂಗೆಮರಗಳು ಮೈತುಂಬ ಚಿಗುರಿದ್ದ ಕಾಲ. ರಾಮನಗರ ಹೊಸ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಕುರಿಗಳು ದೊಡ್ಡಿಗೆ ತಿರುಗುವ ಹೊತ್ತಿನಲ್ಲಿ ಹಾರೋಹಳ್ಳಿ ಕಡೆಯಿಂದ ಬಂದ ಒಂದು ಲಗೇಜ್ ಆಟೋ ತಿಮ್ಮಮ್ಮನ ಮನೆಯ ಮುಂದೆ ನಿಂತಿತು. ಮೊದಲು ಇಳಿದವನು ಮಗ ಚಿಕ್ಕರಾಜು. ಅವನ ಹಿಂದೆ ಹಗ್ಗ ಬಿಗಿಸಿಕೊಂಡು ಇಳಿದದ್ದು ಎದೆಯೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮು.

“ಅವ್ವಾ, ಇನ್ಮೇಲೆ ನೀರಿನ್ ತಾಪತ್ರಯ ತೀರ್ತು ಅಂದ್ಕೊ” ಎಂದ ಚಿಕ್ಕರಾಜು, ಡ್ರಮ್ಮಿನ ಬೆನ್ನು ತಟ್ಟುತ್ತ.

ನೀರಿನ ತಾಪತ್ರಯ ಸುಳ್ಳಲ್ಲ. ಮರಳವಾಡಿ ದಾರಿಯಿಂದ ಒಳಕ್ಕೆ ಸರಿದ ಆ ಊರಿನಲ್ಲಿ ನಲ್ಲಿ ನೀರು ಬರುತ್ತಿದ್ದುದು ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ. ಫ್ಯಾಕ್ಟರಿಗಳು ಎದ್ದಮೇಲೆ ಊರ ಬಾವಿಗಳು ತಳ ಕಂಡಿದ್ದವು. ಮನೆಯಲ್ಲಿದ್ದ ಹಂಡೆ, ಕೊಡ, ಬಕೆಟ್ಟು ಎಲ್ಲ ತುಂಬಿಸಿದರೂ ಮೂರನೆಯ ದಿನಕ್ಕೆ ತಳ ಕೆರೆಯಬೇಕಾಗುತ್ತಿತ್ತು.

“ಏನಿತ್ಲಾ ಇದ್ರಲ್ಲಿ?” ಎಂದಳು ತಿಮ್ಮಮ್ಮ.

“ಎಂಥದೋ ಎಣ್ಣೆ ಕಣವ್ವ. ನಮ್ ಫ್ಯಾಕ್ಟರೀಲಿ ಬಣ್ಣಕ್ಕೆ ಬೆರುಸ್ತಾರೆ. ಖಾಲಿ ಆದ್ಮೇಲೆ ಸೂಪರ್‌ವೈಜರ್ರು ಬೇಕಾದೋರಿಗೆ ಹಂಗೇ ಕೊಡ್ತಾರೆ. ನಂಗೇ ಮೊದ್ಲು ಕರ್ದು ಕೊಟ್ರು.”

ಆ ಕೊನೆಯ ಮಾತು ಹೇಳುವಾಗ ಅವನ ಮುಖ ಅರಳಿತ್ತು. ಫ್ಯಾಕ್ಟರಿಗೆ ಸೇರಿ ಎರಡು ವರ್ಷವಾದರೂ ಅವನಿನ್ನೂ ಲೋಡಿಂಗ್ ಕೆಲಸದಲ್ಲೇ ಇದ್ದ. ಪರ್ಮನೆಂಟ್ ಮಾಡುತ್ತಾರೆ ಎಂಬ ಆಸೆಯೊಂದನ್ನು ಕಟ್ಟಿಕೊಂಡು ಸೂಪರ್‌ವೈಜರ ಹಿಂದೆ ಮುಂದೆ ಓಡಾಡುತ್ತಿದ್ದ. ಅಪ್ಪ ಕಾಳಯ್ಯ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದು, ಕೈಯ ಕೋಲಿನಿಂದ ಡ್ರಮ್ಮನ್ನು ಬಡಿದು ನೋಡಿ, “ಗಟ್ಟಿಯಾಗೈತೆ” ಎಂದ. ಕಾಳಯ್ಯ ಒಂದು ದಿನಕ್ಕೆ ಆಡುವ ಮಾತುಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಸೊಸೆ ನಯನ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದಿದ್ದಳು. “ಒಂಥರಾ ವಾಸ್ನೆ ಬತ್ತೈತಲ್ರೀ.”

“ಹೊಸ ಸೀರೇಗೂ ವಾಸ್ನೆ ಇರ್ತದೆ, ಅದನ್ನ ಉಡಾಕಿಲ್ವಾ ನೀನು?” ಎಂದು ಚಿಕ್ಕರಾಜು ನಕ್ಕ.

ಅವನು ಡ್ರಮ್ಮನ್ನು ಉರುಳಿಸಿಕೊಂಡು ಹಿತ್ತಿಲಿಗೆ ಹೋದ. ಬಚ್ಚಲ ಹಿಂದೆ ಬಗ್ಗಿಸಿ, ಎರಡು ಕೊಡ ನೀರು ಸುರಿದು ಕುಲುಕಿದ. ಕಂದು ಬಣ್ಣದ ನೊರೆ ಬಳಬಳನೆ ಹೊರಬಂದು ತಿಮ್ಮಮ್ಮನ ಅನಾನಸ್ ಸಾಲಿನ ತುದಿಗೆ ಹರಿಯಿತು.

“ಲೋ, ಗಿಡದ್ ಬುಡಕ್ಕೆ ಬುಡಬ್ಯಾಡ ಕಣ್ಲಾ!” ಎಂದು ಅವಳು ಕೂಗುವಷ್ಟರಲ್ಲಿ ಮಣ್ಣು ಅದನ್ನು ಕುಡಿದಾಗಿತ್ತು.

ಆ ಅನಾನಸ್ ಸಾಲು ತಿಮ್ಮಮ್ಮ ಒಬ್ಬಳೇ ಬೆಳೆಸಿದ್ದು. ಹಾರೋಹಳ್ಳಿ ಸರ್ಕಲ್ಲಿನಲ್ಲಿ ಮುಕ್ತಿಯಾರ್ ಎಂಬ ಸಾಬರು ತಳ್ಳುಗಾಡಿ ಇಟ್ಟುಕೊಂಡು ಅನಾನಸ್ ಹೋಳು ಮಾರುತ್ತಿದ್ದರು. ಸಂತೆಗೆ ಹೋದಾಗೆಲ್ಲ ಗಾಡಿಯ ಕೆಳಗೆ ರಾಶಿ ಬಿದ್ದ ಜುಟ್ಟುಗಳನ್ನು ತಿಮ್ಮಮ್ಮ ನೋಡುತ್ತಿದ್ದಳು. ಹಸುರಾಗಿ, ಗಟ್ಟಿಯಾಗಿ, ಜೀವ ಹೋಗದೆ ಬಿದ್ದಿರುತ್ತಿದ್ದವು. ಒಂದು ದಿನ ಕೇಳಿಯೇ ಬಿಟ್ಟಳು.

“ಸಾಬ್ರೇ, ಇವ್ನ ತಕ್ಕೊಂಡೋಗ್ಲಾ?”

“ತಗೊಂಡೋಗಮ್ಮಾ. ಆದ್ರೆ ಜುಟ್ಟು ನೆಟ್ರೆ ಎರಡ್ ವರ್ಷ ಕಾಯಬೇಕು. ಅಷ್ಟ್ ತಾಳ್ಮೆ ಐತಾ ನಿಮ್ಗೆ?”

“ಮದ್ವೆಯಾಗಿ ಮೂವತ್ತ್ ವರ್ಷದಿಂದ ನಮ್ಮೆಜಮಾನ್ರು ಬಾಯ್ ಬುಡ್ಲಿ ಅಂತ ಕಾಯ್ತಾ ಇವ್ನಿ. ಇದೇನ್ ಮಹಾ?”

ಮುಕ್ತಿಯಾರ್ ಗಾಡಿ ಹಿಡಿದುಕೊಂಡು ನಕ್ಕಿದ್ದರು. ಜುಟ್ಟಿನ ಬುಡದ ಎಲೆ ಸುಲಿದು, ನಾಲ್ಕು ದಿನ ನೆರಳಲ್ಲಿ ಒಣಗಿಸಿ ನೆಡಬೇಕು ಎಂದು ಹೇಳಿಕೊಟ್ಟವರೂ ಅವರೇ. ತಿಮ್ಮಮ್ಮ ಬಚ್ಚಲ ನೀರು ಹರಿದು ಒದ್ದೆಯಾಗಿರುತ್ತಿದ್ದ ಕಡೆ ಸಾಲು ಮಾಡಿ, ಕುರಿ ಹಿಕ್ಕೆ ಹಾಕಿ ನೆಟ್ಟಳು. ಎಲ್ಲರೂ ನಕ್ಕರು. ಎರಡು ವರ್ಷದ ಮೇಲೆ ಮೊದಲ ಕಾಯಿ ಬಿಟ್ಟಾಗ ನಕ್ಕವರೇ ಬಂದು ಸುತ್ತ ನಿಂತು ನೋಡಿದರು.

ನಯನ ಮದುವೆಯಾಗಿ ಬಂದದ್ದು ಆ ವರ್ಷವೇ. ಹೊಂಗನೂರಿನವಳು, ರೇಷ್ಮೆ ಹುಳದ ಮನೆಯಲ್ಲಿ ಹುಟ್ಟಿದವಳು. ಹುಳ ಸಾಕುವ ಮನೆಯಲ್ಲಿ ಬೀಡಿ ಸೇದಿದವನನ್ನು ಒಳಗೆ ಬಿಡುವುದಿಲ್ಲ, ಸೊಪ್ಪಿನಲ್ಲಿ ಔಷಧಿಯ ವಾಸನೆ ಇದ್ದರೆ ಹುಳ ಬಾಯಿ ಹಾಕುವುದಿಲ್ಲ. ಹಾಗೆ ಬೆಳೆದ ಹುಡುಗಿಗೆ ಮೂಗು ಬಹಳ ಚುರುಕು, ಅಸಹ್ಯವೂ ಜಾಸ್ತಿ. ಅತ್ತೆ ಮೊದಲ ಹಣ್ಣು ಹೆಚ್ಚಿ ಕೊಟ್ಟಾಗ ಹಿಂದೆ ಸರಿದಿದ್ದಳು.

“ಬಚ್ಚಲ್ ನೀರ್ ಕುಡ್ದ ಹಣ್ಣಲ್ವಾ ಅತ್ತೆ? ಎಲ್ರೂ ಮೈ ತೊಳ್ದ ನೀರು. ವ್ಯಾಕ್! ನಂಗ್ ಬ್ಯಾಡ.”

“ನಿಮ್ಮನೇ ಹುಳ ತಿಂದು ಉಗ್ದ ನೂಲಲ್ವೇನೇ ನೀನ್ ಧಾರೇಗೆ ಉಟ್ಟಿದ್ದು? ತಿನ್ನು.”

ಒಂದು ಹೋಳು ಬಾಯಿಗಿಟ್ಟವಳು ತಟ್ಟೆಯನ್ನೇ ಮಡಿಲಿಗೆ ಎಳೆದುಕೊಂಡಿದ್ದಳು. ಅತ್ತೆ ಸೊಸೆಯ ನಡುವಿನ ಬಿಗಿ ಸಡಿಲಾದದ್ದು ಆ ಹಣ್ಣಿನಿಂದಲೇ ಎಂದರೂ ತಪ್ಪಿಲ್ಲ. ಈ ವರ್ಷ ಸಾಲಿನಲ್ಲಿ ಹತ್ತಾರು ಕಾಯಿ ಕೂತಿದ್ದವು. ದಿನಾ ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೋಗಿ ನೋಡಿ ಬರುತ್ತಿದ್ದರು.

ಡ್ರಮ್ಮನ್ನು ಆ ಮನೆಯವರು ಹೊಸ ಮಡಕೆಯ ಹಾಗೆ ಪಳಗಿಸಿದರು. ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿದರು. ರಾಗಿ ಗಂಜಿ ತುಂಬಿ ಬಿಸಿಲಿಗಿಟ್ಟರು, ಚೆಲ್ಲಿದರು, ಮತ್ತೆ ತುಂಬಿದರು. ಮಣ್ಣಿನ ಮಡಕೆಯ ವಾಸನೆ ತೆಗೆಯಲು ತಿಮ್ಮಮ್ಮನ ಅತ್ತೆ ಮಾಡುತ್ತಿದ್ದುದೂ ಹೀಗೆಯೇ. ಕೊನೆಗೆ ಮೈಮೇಲೆ ಅರಿಶಿನ ಕುಂಕುಮ ಹಚ್ಚಿ, ಊದುಕಡ್ಡಿ ಬೆಳಗಿ, ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸಿದರು. ಶುಕ್ರವಾರ ನಲ್ಲಿಯಲ್ಲಿ ನೀರು ಬಂದಾಗ ಡ್ರಮ್ಮು ಬಾಯಿತನಕ ತುಂಬಿತು. ಕೊಡ ಹೊತ್ತು ಸೊಂಟ ನೊಂದಿದ್ದ ತಿಮ್ಮಮ್ಮನೂ ಅಂದು ಹಿಗ್ಗಿದಳು.

ಆದರೆ ವಾಸನೆ ಹೋಗಲಿಲ್ಲ. ಮುಚ್ಚಳ ತೆಗೆದರೆ ಕೊಳೆತ ಬಾಳೆಹಣ್ಣಿನ ಹಾಗೆ ಸಿಹಿಸಿಹಿಯಾಗಿ ಏನೋ ಒಂದು ಮೇಲೆದ್ದು ಬಂದು ಗಂಟಲಲ್ಲಿ ಕೂರುತ್ತಿತ್ತು. ನೀರಿನ ಮೇಲೆ ಬೆಳಕು ಬಿದ್ದರೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆಯೊಂದು ಅಲುಗುತ್ತಿತ್ತು. ಬಿಸಿ ಮುದ್ದೆ ಮುರಿದರೂ ಅದೇ ವಾಸನೆ, ಸೊಪ್ಪಿನ ಬಸ್ಸಾರಲ್ಲೂ ಅದೇ, ಬೆಳಗಿನ ಟೀಯಲ್ಲೂ ಅದೇ. ತುಟಿಯ ಮೇಲೆ ಎಣ್ಣೆ ಸವರಿದಂತೆ ಜಿಡ್ಡು. ತಿಮ್ಮಮ್ಮ ಉಂಡಾದ ಮೇಲೆ ಬಾಯಿ ಮುಕ್ಕಳಿಸಿದರೆ, ಮುಕ್ಕಳಿಸಿದ ನೀರೂ ಹಾಗೆಯೇ ಇರುತ್ತಿತ್ತು.

“ರೀ, ಇದ್ರಲ್ಲಿ ಬಟ್ಟೆ ಒಗ್ಯಣ. ಕುಡಿಯೋಕೆ ಬ್ಯಾಡ” ಎಂದಳು ನಯನ ಒಂದು ದಿನ, ಗಂಡನ ತಟ್ಟೆಗೆ ಸಾರು ಬಡಿಸುತ್ತ.

“ಶುರು ಮಾಡಿದ್ಲು. ನಿಮ್ಮಪ್ಪನ್ ಮನೆ ಹುಳ ಅಲ್ಲ ಕಣೇ ನಾವು, ವಾಸ್ನೆಗೆ ಸಾಯಾಕೆ.”

“ಹುಳಾನೇ ಸಾಯ್ತವೆ, ಮನುಷ್ಯರು ಹೆಂಗ್ ಬದುಕ್ತಾರೆ?”

“ಅವ್ವಾ, ನೋಡವ್ವ ಇವ್ಳ ಮಾತ. ದುಡ್ಡಿಲ್ದಂಗೆ ತಂದ್ರೂ ಬೆಲೆ ಇಲ್ಲ.”

ತಿಮ್ಮಮ್ಮ ನಾಲ್ಕು ದಿನದಲ್ಲಿ ವಾಸನೆ ಕಳೆಯುತ್ತದೆ ಎಂದುಕೊಂಡಳು. ಮಾರನೆಯ ಬೆಳಗ್ಗೆ ಹಿತ್ತಿಲಿಗೆ ಹೋದರೆ ಸಾಲಿನ ತುದಿಯ ಮೂರು ಗಿಡಗಳು ಹಳದಿ ತಿರುಗಿದ್ದವು. ನಡುವಿನ ಸುಳಿ ಹಿಡಿದು ಮೆಲ್ಲಗೆ ಎಳೆದಳು. ಸುಳಿ ಸರ್ರನೆ ಕೈಗೇ ಬಂತು. ಬುಡ ಕೊಳೆತು ಲೋಳೆಯಾಗಿತ್ತು, ನಾರುತ್ತಿತ್ತು. ಆ ಲೋಳೆ ಮೆತ್ತಿಕೊಂಡ ಬೆರಳುಗಳನ್ನು ಮಣ್ಣಿಗೆ ಎಷ್ಟು ಉಜ್ಜಿದರೂ ಸಂಜೆಯತನಕ ಆ ನಾತ ಬಿಡಲಿಲ್ಲ. ಮಗನಿಗೆ ತೋರಿಸಿದಳು.

“ಮೊದ್ಲ್ ತೊಳ್ದ ನೀರಲ್ವಾ ಅವ್ವ, ಅದ್ರಲ್ಲಿ ಎಣ್ಣೆ ಇರ್ತದೆ. ಈಗ್ ಚೊಕ್ಕ ಆಗೈತಲ್ಲ” ಎಂದು ಅವನು ಶರ್ಟು ತೊಟ್ಟುಕೊಂಡು ಕೆಲಸಕ್ಕೆ ಹೊರಟ.

ಅಷ್ಟರಲ್ಲಿ ಊರೆಲ್ಲ ಡ್ರಮ್ಮಿನ ಸುದ್ದಿಯಾಗಿತ್ತು. ಮೊದಲು ಕೇಳಿಕೊಂಡು ಬಂದವಳು ಎದುರು ಮನೆಯ ಅಂಬುಜಮ್ಮ. “ರಾಜು, ನಂಗೂ ಒಂದ್ ತಂದ್ಕೊಡಪ್ಪಾ, ನಿನ್ ಹೊಟ್ಟೆ ತಣ್ಣಗಿರ್ಲಿ.” ಆಮೇಲೆ ಹಿಂದಿನ ಬೀದಿಯವರು, ಆಮೇಲೆ ದೇವಸ್ಥಾನದ ಹತ್ತಿರದವರು. ಲಗೇಜ್ ಆಟೋ ವಾರವಾರವೂ ಬಂತು. ಸೂಪರ್‌ವೈಜರಿಗೆ ಕಸ ಖಾಲಿಯಾಯಿತು, ಚಿಕ್ಕರಾಜುವಿಗೆ ಹೆಸರು ಬಂತು. ಬೀದಿಯಲ್ಲಿ ಹೋದರೆ ಜನ ಕರೆದು ಕೂರಿಸಿ ಟೀ ಕೊಡುತ್ತಿದ್ದರು. ಆ ಟೀಯೂ ಅದೇ ವಾಸನೆ.

ನಯನ ಮುಟ್ಟಾಗದೆ ಎರಡು ತಿಂಗಳಾಯಿತು. ಬೆಳಗ್ಗೆ ಎದ್ದರೆ ವಾಂತಿ, ಮಧ್ಯಾಹ್ನ ಉಂಡರೆ ವಾಂತಿ. ಡ್ರಮ್ಮಿನ ಮುಚ್ಚಳ ತೆಗೆದ ಸದ್ದಿಗೇ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು.

“ಬಸ್ರಿ ಅಂದ್ಮೇಲೆ ಹಂಗೇಯ. ವಾಂತಿ ಜಾಸ್ತಿ ಆದ್ರೆ ಗಂಡ್ ಮೊಗ” ಎಂದು ಅಂಬುಜಮ್ಮ ಜಗಲಿಯಲ್ಲಿ ಕೂತು ತೀರ್ಮಾನ ಕೊಟ್ಟಳು. ಊರಿನ ಬಸಿರು ಬಾಣಂತನಗಳಲ್ಲೆಲ್ಲ ಅವಳದೇ ಮಾತು. “ಏನಾದ್ರೂ ತಿನ್ಲಿ, ಆದ್ರೆ ಪರಂಗಿ ಹಣ್ಣು, ಅನಾನಸ್ಸು ಎರಡ ಮಾತ್ರ ಮುಟ್ಟಿಸ್ಬ್ಯಾಡ ತಿಮ್ಮಕ್ಕ. ಗರ್ಭ ನಿಲ್ಲಾಕಿಲ್ಲ.”

ನಯನಳಿಗೆ ಬೇಕಾದದ್ದು ಅದೇ. ಮಾವಿನಕಾಯಿ ಬೇಡ, ಹುಣಸೆ ಬೇಡ. “ಅತ್ತೆ, ಬಾಯೆಲ್ಲಾ ಜಿಡ್ಡು ಜಿಡ್ಡು. ಒಂದ್ ಹೋಳು ಪೈನಾಪಲ್ ತಿಂದ್ರೆ ನಾಲ್ಗೆ ತೊಳ್ದಂಗಾಯ್ತದೆ” ಎಂದು ಮೆಲ್ಲಗೆ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡಳು. ಕಾಯಿಗಳಿನ್ನೂ ಹಸುರಾಗಿದ್ದವು. ತಿಮ್ಮಮ್ಮ “ನೋಡನ ತಡೀ” ಎಂದಳು.

ಆ ದಿನಗಳಲ್ಲೇ ದೊಡ್ಡಿಯಲ್ಲಿ ಕಪ್ಪು ಮೂತಿಯ ಕುರಿ ದಿನ ತುಂಬುವ ಮೊದಲೇ ಕಂದು ಹಾಕಿತು. ಇನ್ನೂ ಕೂದಲೂ ಮೂಡದ ಮರಿ, ನೀಲಿಗಟ್ಟಿ ಹಿಕ್ಕೆಯ ಮೇಲೆ ಬಿದ್ದಿತ್ತು. ಆಮೇಲೆ ಮತ್ತೊಂದು ಕುರಿಯೂ ಹಾಗೇ ಮಾಡಿತು. ಕಾಳಯ್ಯ ಅವನ್ನು ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು ಬಂದು, ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿ ಮೂಸಿದ. ಅಲ್ಲಿಯತನಕ ಕುರಿಗಳು ನೀರು ಕುಡಿಯುವ ಮರಿಗೆಗೂ ಆ ಡ್ರಮ್ಮಿನ ನೀರನ್ನೇ ತುಂಬುತ್ತಿದ್ದರು. ಮರುದಿನದಿಂದ ಅವನು ಮರಿಗೆಯನ್ನು ಬೋರಲು ಹಾಕಿ, ಕುರಿಗಳನ್ನು ಗುಡ್ಡದ ಬುಡದ ನೀರಿನ ಕಟ್ಟೆಗೆ ಹೊಡೆದುಕೊಂಡು ಹೋಗತೊಡಗಿದ.

“ಅಷ್ಟ್ ದೂರ ಯಾಕಯ್ಯಾ ಹೋಯ್ತೀಯೆ ಈ ಬಿಸ್ಲಲ್ಲಿ?” ಎಂದಳು ತಿಮ್ಮಮ್ಮ.

“ಕುರಿ ಒಸಿ ಓಡಾಡ್ಲಿ” ಎಂದ ಕಾಳಯ್ಯ.

ಮುಂಗಾರಿನ ಮೊದಲ ಹನಿ ಬಿದ್ದ ವಾರ ಸಾಲಿನ ಈ ತುದಿಯ ಕಾಯಿಯೊಂದು ಬುಡದಿಂದ ಹೊನ್ನಬಣ್ಣಕ್ಕೆ ತಿರುಗಿತು. ಹಿತ್ತಿಲ ಬಾಗಿಲು ತೆಗೆದರೆ ಘಮ್ಮೆಂದು ಮನೆಯೊಳಕ್ಕೆ ಬರುತ್ತಿತ್ತು. ಎರಡು ತಿಂಗಳಲ್ಲಿ ಆ ಮನೆಯಲ್ಲಿ ಸುಳಿದ ಒಳ್ಳೆಯ ವಾಸನೆ ಅದೊಂದೇ. ನಯನ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿ ನಿಂತಿರುವುದನ್ನು ತಿಮ್ಮಮ್ಮ ನೋಡಿದಳು. ಹೊಟ್ಟೆಗೇನೂ ದಕ್ಕದೆ ಹುಡುಗಿಯ ಕತ್ತಿನ ಮೂಳೆ ಎದ್ದಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು ಇದೇ ಅಂಬುಜಮ್ಮನೇ ಹೇಳುವವಳು. ಯಾವ ಮಾತನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಗಂಡಸರಿಬ್ಬರೂ ಹೊರಗೆ ಹೋದ ಹೊತ್ತಿನಲ್ಲಿ ಅವಳು ಹಣ್ಣು ಕೊಯ್ದಳು. ಈಳಿಗೆಯ ಮುಂದೆ ಕೂತು ಸಿಪ್ಪೆ ತೆಗೆದು, ಕಣ್ಣುಗಳನ್ನು ಓರೆಯಾಗಿ ಸಾಲುಸಾಲು ಕೆತ್ತಿ, ಉಪ್ಪು ಖಾರದಪುಡಿ ಉದುರಿಸಿದಳು.

“ನಿಧಾನ್ವಾಗಿ ತಿನ್ನು. ಒಂದೇ ಹೋಳು.”

“ಅಂಬುಜಮ್ಮ ನೋಡಿದ್ರೆ?”

“ಅವ್ಳಿಗೆ ಸಿಪ್ಪೆ ಕೊಡನ.”

ನಯನ ಬಾಯಿ ತುಂಬ ನಕ್ಕಳು. ರಸ ಮೊಣಕೈತನಕ ಇಳಿಯಿತು, ಅದನ್ನೂ ನೆಕ್ಕಿದಳು. ಒಂದು ಹೋಳು ಎರಡಾಯಿತು. ಅಂದು ತಿಂದದ್ದು ಅವಳ ಹೊಟ್ಟೆಯಲ್ಲಿ ನಿಂತಿತು, ವಾಂತಿಯಾಗಲಿಲ್ಲ. ಮಧ್ಯಾಹ್ನ ಮಲಗಿ ನಿದ್ದೆ ಮಾಡಿದಳು. ತಿಮ್ಮಮ್ಮ ಉಳಿದದ್ದನ್ನು ಬೆಲ್ಲ ಹಾಕಿ ಗೊಜ್ಜು ಮಾಡಿದಳು. ಸಂಜೆ ಗಂಡಸರೂ ಚಪ್ಪರಿಸಿ ತಿಂದರು.

ವಾರ ಕಳೆದಿತ್ತು. ಬಟ್ಟೆ ಒಗೆಯುತ್ತಿದ್ದ ನಯನ ಕಲ್ಲಿನ ಮೇಲೆ ಕೂತವಳು ಏಳಲಿಲ್ಲ. “ಅತ್ತೆ” ಎಂದ ದನಿ ಕೇಳಿ ತಿಮ್ಮಮ್ಮ ಓಡಿ ಬಂದಾಗ ಕಲ್ಲಿನ ಸುತ್ತ ನೀರು ಕೆಂಪಾಗಿತ್ತು. ಅದೇ ಲಗೇಜ್ ಆಟೋದಲ್ಲಿ ಕನಕಪುರದ ಆಸ್ಪತ್ರೆಗೆ ಸಾಗಿಸಿದರು. ಮೂರು ತಿಂಗಳು ತುಂಬಿದ್ದ ಬಸಿರು ಉಳಿಯಲಿಲ್ಲ.

“ಏನಾದ್ರೂ ತಿಂದಿದ್ರಾ?” ಎಂದು ಕೇಳಿದ ಲೇಡಿ ಡಾಕ್ಟರಿಗೆ ತಿಮ್ಮಮ್ಮ ಮರೆಮಾಚದೆ ಹೇಳಿದಳು. “ಎರಡ್ ಹೋಳು ಹಣ್ಣಿಂದ ಹಿಂಗೆಲ್ಲ ಆಗಲ್ಲಮ್ಮ, ಬೇರೆ ಕಾರಣ ಇರುತ್ತೆ” ಎಂದು ಅವರು ಮುಂದಿನ ಹಾಸಿಗೆಗೆ ಹೋದರು. ಆ ಮಾತು ಪೂರ್ತಿಯಾಗಿ ಚಿಕ್ಕರಾಜುವಿನ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಹಣ್ಣು ಎಂಬ ಮಾತೊಂದೇ.

ಮನೆಗೆ ಬಂದ ಮೇಲೆ ಅವನು ಹೆಂಡತಿಯ ಹಾಸಿಗೆಯ ತಲೆಯ ಬಳಿ ನಿಂತು ಕೂಗಾಡಿದ. “ನಾಲ್ಗೆ ಚಪಲಕ್ಕೆ ಮೊಗೀನ ತಿಂದ್ಕೊಂಡ್ಯಲ್ಲೇ!”

“ಅವ್ಳನ್ನ ಏನೂ ಅನ್ಬ್ಯಾಡ ಕಣ್ಲಾ. ಕೊಯ್ದೋಳು ನಾನು, ಹೆಚ್ಚಿ ಕೈಗ್ ಕೊಟ್ಟೋಳೂ ನಾನು” ಎಂದಳು ತಿಮ್ಮಮ್ಮ. “ಡಾಕ್ಟ್ರು ಏನಂದ್ರು ಕೇಳ್ಲಿಲ್ವಾ?”

“ಡಾಕ್ಟ್ರಿಗೇನ್ ಗೊತ್ತು! ಊರೆಲ್ಲಾ ಹೇಳೋದು ಸುಳ್ಳಾ?”

ಊರು ಹೇಳುತ್ತಲೇ ಇತ್ತು. ಅಂಬುಜಮ್ಮ ಬೀದಿಯ ಹೆಂಗಸರನ್ನೆಲ್ಲ ಜೊತೆಗಿಟ್ಟುಕೊಂಡು ನೋಡಲು ಬಂದಳು. ಹಾಸಿಗೆಯ ಪಕ್ಕ ಕೂತು ಗಲ್ಲಕ್ಕೆ ಕೈ ಹಚ್ಚಿ, “ಬಡ್ಕೊಂಡೆ ಕಣವ್ವ ನಾನು, ಬಡ್ಕೊಂಡೆ. ಕೇಳುದ್ರಾ?” ಎಂದಳು. ತಿಮ್ಮಮ್ಮ ಎಲ್ಲರಿಗೂ ಟೀ ಕೊಟ್ಟಳು. ಆ ಹೆಂಗಸರು ಅದನ್ನು ಲೋಟದ ತಳತನಕ ಕುಡಿದು, ಅನಾನಸ್ಸನ್ನು ಬೈದು ಎದ್ದು ಹೋದರು.

ಮರುದಿನ ಬೆಳಗ್ಗೆ ಚಿಕ್ಕರಾಜು ಗುದ್ದಲಿ ಹಿಡಿದು ಹಿತ್ತಿಲಿಗೆ ಇಳಿದ. ನೋಡಲಿ ಎಂದೇ ಅಕ್ಕಪಕ್ಕದವರನ್ನು ಕೂಗಿ ಕರೆದಿದ್ದ. ಒಂದೊಂದೇ ಗಿಡವನ್ನು ಬುಡಸಮೇತ ಮಗುಚಿ ತಿಪ್ಪೆಗೆ ಎಸೆದ. ಅರ್ಧ ಬಲಿತ ಕಾಯಿಗಳು ಉರುಳಿ ಚರಂಡಿಗೆ ಬಿದ್ದವು. ಮುಳ್ಳೆಲೆ ತಾಗಿ ಅವನ ಕೈಯಲ್ಲಿ ರಕ್ತ ಬಂತು. ಅದನ್ನೂ ಜನರಿಗೆ ತೋರಿಸಿದ. “ದರಿದ್ರ ಗಿಡ! ಇದ್ರ ಬೇರೂ ಇರಬಾರ್ದು ಮನೆ ಹಿಂದೆ.” ಬೇಲಿಯಾಚೆ ನಿಂತವರು “ಒಳ್ಳೇದ್ ಮಾಡ್ದೆ ಕಣಪ್ಪ” ಎಂದರು.

ತಿಮ್ಮಮ್ಮ ಅಡ್ಡ ಬರಲಿಲ್ಲ. ಜನ ಚದುರಿದ ಮೇಲೆ ಒಂದು ಗೋಣಿಚೀಲ ತೆಗೆದುಕೊಂಡು ತಿಪ್ಪೆಗೆ ಹೋಗಿ, ಜುಟ್ಟುಗಳನ್ನೂ ಬುಡದ ಮರಿಗಿಡಗಳನ್ನೂ ಒಂದೊಂದಾಗಿ ಬಿಡಿಸಿ ಚೀಲಕ್ಕೆ ತುಂಬಿ ದೊಡ್ಡಿಯ ಮಾಡಿನಲ್ಲಿಟ್ಟಳು. ಕಿತ್ತು ಬಿಸಾಕಿದರೂ ವಾರಗಟ್ಟಲೆ ಸಾಯದ ಗಿಡ ಅದು.

ಆ ಬುಧವಾರ ಸಂಜೆ ಕಾಳಯ್ಯ ಕಟ್ಟೆಯಿಂದ ಕುರಿ ಹೊಡೆದುಕೊಂಡು ಬಂದ. ಡ್ರಮ್ಮಿನಿಂದ ನೀರು ತೋಡಿದ ಬಕೆಟ್ಟು ಅಂಗಳದಲ್ಲಿತ್ತು. ಗುಂಪಿನಿಂದ ತಪ್ಪಿಸಿಕೊಂಡ ಒಂದು ಮರಿಕುರಿ ಓಡಿಬಂದು ಬಕೆಟ್ಟಿಗೆ ಮೂತಿ ಇಟ್ಟಿತು. ಕಾಳಯ್ಯ ಮೈಗೆ ಬೆಂಕಿ ಬಿದ್ದವನಂತೆ ನುಗ್ಗಿ, ಕೋಲಿನಿಂದ ಅದರ ಮೂತಿಗೇ ಬಾರಿಸಿ, ಕಾಲಿಂದ ಬಕೆಟ್ಟನ್ನು ಒದ್ದು ಉರುಳಿಸಿದ.

“ಏಯ್, ಅದ್ಕೆ ಬಾಯ್ ಇಕ್ಬ್ಯಾಡಾ!”

ಸೊಪ್ಪು ಬಿಡಿಸುತ್ತ ಕೂತಿದ್ದ ತಿಮ್ಮಮ್ಮನ ಕೈ ಅಲ್ಲೇ ನಿಂತಿತು. ಅವಳು ಗಂಡನನ್ನು ನೋಡಿದಳು. ದೊಡ್ಡಿಯ ಗೋಡೆಗೆ ಬೋರಲು ಹಾಕಿದ್ದ ಮರಿಗೆಯನ್ನು ನೋಡಿದಳು. ಎದ್ದು ಒಳಗೆ ಹೋಗಿ, ಡ್ರಮ್ಮಿನಿಂದ ಒಂದು ಚೊಂಬು ನೀರು ತೋಡಿ ತಂದಳು. ಆಗತಾನೆ ಕೆಲಸದಿಂದ ಬಂದು ಜಗಲಿಯಲ್ಲಿ ಕೂತಿದ್ದ ಮಗನ ಮುಂದೆ ಹಿಡಿದಳು.

“ಕುಡೀ.”

“ಯಾಕವ್ವ?”

“ಚೊಕ್ಕ ಆಗೈತೆ ಅಂದ್ಯಲ್ಲ. ಕುಡೀ.”

ಚಿಕ್ಕರಾಜು ರೇಗಿ ಚೊಂಬು ಕಿತ್ತುಕೊಂಡು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡ. “ನೋಡ್ದಾ? ಏನಾಯ್ತು? ಸತ್ನಾ ನಾನು?”

ತಿಮ್ಮಮ್ಮ ಮತ್ತೆ ಒಳಗೆ ಹೋಗಿ ಚೊಂಬು ತುಂಬಿ ತಂದು ಗಂಡನ ಮುಂದೆ ಹಿಡಿದಳು. “ನೀನು ಕುಡಿಯಯ್ಯಾ.”

ಕಾಳಯ್ಯ ಚೊಂಬನ್ನು ನೋಡಿದ. ಕೈ ಎತ್ತಲಿಲ್ಲ. “ನಂಗ್ ಬಾಯಾರ್ಕೆ ಇಲ್ಲ.”

“ಗುಡ್ಡದ್ ಬುಡದಿಂದ ನಡ್ಕೊಂಡ್ ಬಂದವ್ನಿಗೆ ಬಾಯಾರ್ಕೆ ಇಲ್ವಾ?”

ಅವನು ಕುರಿಗಳ ಕಡೆ ತಿರುಗಿದ. ಚಿಕ್ಕರಾಜು ಒಮ್ಮೆ ಅಪ್ಪನನ್ನು, ಒಮ್ಮೆ ಚೊಂಬನ್ನು ನೋಡಿದ. ಅವನ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

“ಎರಡ್ ಕುರಿ ಕಂದು ಹಾಕುದ್ವಲ್ಲ, ಅವೇನ್ ಅನಾನಸ್ ತಿಂದಿದ್ವಾ?” ಎಂದಳು ತಿಮ್ಮಮ್ಮ. ಅವಳು ಕೂಗಲಿಲ್ಲ; ಸೊಪ್ಪಿನ ದರ ಕೇಳುವಷ್ಟು ತಗ್ಗಿದ ದನಿ ಅದು. “ಅವತ್ತೇ ಗೊತ್ತಾಗಿತ್ತು ನಿಂಗೆ. ಕುರೀಗೆ ನೀರು ಬದಲಾಯಿಸ್ದೆ. ಒಳ್ಗೆ ಒಬ್ಳು ಬಸ್ರಿ ಅದೇ ನೀರ್ ಕುಡೀತಾ ಅವ್ಳೆ ಅಂತ ಒಂದ್ ಮಾತು ಬರ್ಲಿಲ್ವಾ ನಿನ್ ಬಾಯಲ್ಲಿ?”

ಕಾಳಯ್ಯ ಕೋಲನ್ನು ಮಣ್ಣಿಗೆ ಕುಟ್ಟುತ್ತ ನಿಂತ. ಮದುವೆಯಾದ ಇಷ್ಟು ವರ್ಷಕ್ಕೆ ಅಂದು ಅವನು ಆಡಿದ್ದೇ ಉದ್ದದ ಮಾತು.

“ನಂಗೇನ್ ಕಣ್ಣಾರೆ ಕಂಡಂಗಿತ್ತಾ ಅಮ್ಮೀ? ಅನ್ಮಾನ ಬಂತು, ಅಷ್ಟೇಯ. ಊರ್ಗೆಲ್ಲಾ ನಮ್ ಹೈದನೇ ತಂದ್ಕೊಟ್ಟವ್ನೆ. ಡ್ರಮ್ಮಲ್ಲಿ ವಿಷ ಐತೆ ಅಂತ ನಮ್ಮನೆಯಿಂದ್ಲೇ ಮಾತು ಹೊರಟ್ರೆ ಊರ್ನೋರು ನಮ್ಮನ್ನ ಬಾಳಾಕ್ ಬುಡ್ತಾರಾ? ಇವನ್ ಕೆಲ್ಸ ಉಳೀತದಾ? ಹಣ್ಣಿಂದ ಆಯ್ತು ಅಂತ ಎಲ್ರೂ ಅಂದ್ರು. ಹಂಗೇ ಇರ್ಲಿ ಅಂದ್ಕೊಂಡೆ.”

ತಿಮ್ಮಮ್ಮ ಚೊಂಬಿನ ನೀರನ್ನು ಅವನ ಕಾಲ ಬಳಿ ಚೆಲ್ಲಿದಳು. ಗೋಡೆ ಹಿಡಿದು ಬಗ್ಗಿ, ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿಕೊಂಡಳು. ಬಾಯಿ ತೊಳೆಯಲು ಆ ನೀರಲ್ಲದೆ ಬೇರೆ ನೀರಿರಲಿಲ್ಲ. ಸೆರಗಿನಲ್ಲೇ ಒರೆಸಿಕೊಂಡು, “ಥೂ” ಎಂದು ಅಂಗಳಕ್ಕೆ ಉಗಿದಳು.

ಒಳಗೆ ಮಲಗಿದ್ದ ನಯನ ಎಲ್ಲ ಕೇಳಿಸಿಕೊಂಡಿದ್ದಳು. ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. “ಅತ್ತೆ, ನಮ್ಮಪ್ಪಂಗೆ ಒಂದ್ ಫೋನ್ ಮಾಡುಸ್ಬುಡಿ” ಎಂದಳು, ಅಷ್ಟೆ.

ಅಂದಿನಿಂದ ತಿಮ್ಮಮ್ಮ ಆ ನೀರಿನಲ್ಲಿ ಅಡುಗೆ ಮಾಡಲಿಲ್ಲ. ಕಾಳಯ್ಯ ಹೋಗುತ್ತಿದ್ದ ಕಟ್ಟೆಗೆ ತಾನೇ ಹೋಗಿ ಒಂದು ಕೊಡ ತಂದು, ಸೊಸೆಗೂ ತನಗೂ ಗಂಜಿ ಕಾಯಿಸಿದಳು. ಗಂಡಸರು ಎರಡು ಹೊತ್ತು ಹೋಟೆಲಿನಿಂದ ಕಟ್ಟಿಸಿಕೊಂಡು ಬಂದು, ಒಬ್ಬರ ಮುಖ ಒಬ್ಬರು ನೋಡದೆ ತಿಂದರು. ಚಿಕ್ಕರಾಜು ಒಮ್ಮೆ ಹೆಂಡತಿಯ ಹಾಸಿಗೆಯತನಕ ಬಂದು ನಿಂತ.

“ನಂಗ್ ನಿಜ್ವಾಗ್ಲೂ ಗೊತ್ತಿರ್ಲಿಲ್ಲ ಕಣೇ.”

“ಈಗ ಗೊತ್ತಾಯ್ತಲ್ಲ” ಎಂದಳು ನಯನ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ. “ಎದುರು ಮನೆಗೆ ಹೋಗಿ ಹೇಳ್ಬುಟ್ಟು ಬನ್ನಿ. ಆಮೇಲೆ ಮಾತಾಡಣ.”

ಅವನು ಚಪ್ಪಲಿ ಮೆಟ್ಟಿ ಹೊಸಿಲು ದಾಟಿದ. ಬೀದಿಯ ನಡುವಿನತನಕ ಹೋದ. ಅಂಬುಜಮ್ಮನ ಬಾಗಿಲಲ್ಲಿ ನೀಲಿ ಡ್ರಮ್ಮು ಅರಿಶಿನ ಕುಂಕುಮ ಇಟ್ಟುಕೊಂಡು ನಿಂತಿತ್ತು. ಅವಳ ಮೊಮ್ಮಗಳು ಅದರಿಂದ ಲೋಟದಲ್ಲಿ ಮೊಗೆದು ಕುಡಿಯುತ್ತಿದ್ದಳು. “ಬಾರಪ್ಪಾ ರಾಜು, ಟೀ ಕುಡಿಯೀವಂತೆ” ಎಂದು ಅಂಬುಜಮ್ಮ ಒಳಗಿಂದ ಕರೆದಳು. “ಬ್ಯಾಡ ಅಕ್ಕ, ಈಗ್ಲೇ ಆಯ್ತು” ಎಂದು ಅವನು ತಿರುಗಿ ಬಂದುಬಿಟ್ಟ.

ಆಮೇಲೆ ತಿಮ್ಮಮ್ಮನೇ ಹೋಗಿ ಹೇಳಿದಳು. ಅಂಬುಜಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಕೇಳಿ, “ನಿನ್ ಸೊಸೆ ಚಪಲ ಮುಚ್ಚಾಕಕ್ಕೆ ಡ್ರಮ್ಮಿನ್ ಮೇಲ್ ಹಾಕ್ತೀಯಾ ತಿಮ್ಮಕ್ಕ? ನಾವೆಲ್ಲಾ ಕುಡ್ದು ಗುಂಡ್ಕಲ್ಲಂಗೆ ಇಲ್ವಾ?” ಎಂದು ಬಾಗಿಲು ಹಾಕಿಕೊಂಡಳು.

ನಯನಳ ಅಪ್ಪ ಚಿಕ್ಕಹನುಮಯ್ಯ ಬಂದದ್ದು ಹೊಂಗನೂರಿನ ಮೊದಲ ಬಸ್ಸು ಹಿಡಿದು, ಬೆಳಗಿನ ಬಿಸಿಲು ಏರುವ ಮೊದಲೇ. ಜಗಲಿಯಲ್ಲಿ ಕೂತರು. ಹೋಟೆಲಿನಿಂದ ತರಿಸಿಕೊಟ್ಟ ಟೀ ಮುಟ್ಟಲಿಲ್ಲ. ಕಾಳಯ್ಯನೇ ಮೊದಲು ಬಾಯಿ ಬಿಟ್ಟ.

“ಇವತ್ತು ಶುಕ್ರವಾರ, ಬೀಗ್ರೆ. ಸೊಸೇನ ಹೊಸ್ಲು ದಾಟ್ಸಬಾರ್ದು. ನಾಳೀಕೆ ಕರ್ಕೊಂಡೋಗಿ.”

“ಲಕ್ಷ್ಮಿ ಹೋಗ್ಬುಟ್ಟಾಳು ಅಂತಲಾ?” ಎಂದಳು ತಿಮ್ಮಮ್ಮ ಒಳಗಿಂದಲೇ. “ಅವ್ಳು ಯಾವಾಗ್ಲೋ ಹೋದ್ಲು. ಏಳವ್ವ ನಯ್ನಾ.”

ಹುಡುಗಿ ಮೆಲ್ಲಗೆ ಎದ್ದು ಅಪ್ಪನ ಹೆಗಲು ಹಿಡಿದುಕೊಂಡಳು. ತಿಮ್ಮಮ್ಮ ದೊಡ್ಡಿಗೆ ಹೋಗಿ ಗೋಣಿಚೀಲ ಇಳಿಸಿಕೊಂಡು ಬಂದು, ಅದನ್ನು ತಲೆಗೇರಿಸಿಕೊಂಡಳು. ಕಂಕುಳಲ್ಲಿ ಎರಡು ಸೀರೆಯ ಗಂಟು.

“ನೀನೆಲ್ಗೆ?” ಎಂದ ಕಾಳಯ್ಯ.

“ಹೊಂಗನೂರ್ಗೆ.”

ಚಿಕ್ಕಹನುಮಯ್ಯ ತಬ್ಬಿಬ್ಬಾಗಿ ನೋಡಿದರು. ಬೀಗಿತ್ತಿ ಸೊಸೆಯ ತವರಿಗೆ ಬಂದು ನಿಲ್ಲುವುದು ಆ ಸೀಮೆಯಲ್ಲಿ ಕಂಡದ್ದಲ್ಲ. ಆಮೇಲೆ ಕೆಮ್ಮಿ, “ಬಾರಕ್ಕ. ಹುಳ ನಾಲ್ಕನೇ ಜ್ವರ ಎದ್ದವೆ, ಪೊರೆ ಬಿಟ್ಟು ಒಂದೇ ಸಮ ಮೇಯ್ತಾ ಅವೆ, ಸೊಪ್ಪು ಹಾಕಾಕೆ ಕೈ ಸಾಲ್ದು” ಎಂದರು.

“ಬೀಗ್ರ ಮನೇಲಿ ಎಷ್ಟ್ ದಿನ ಇದ್ದೀಯೆ ನೀನು?” ಎಂದು ಕಾಳಯ್ಯ ಅಂಗಳದತನಕ ಹಿಂದೆಯೇ ಬಂದ.

“ಇವ್ನ ನೆಟ್ಟು ಹಣ್ಣ್ ಬುಡೋಗಂಟ” ಎಂದಳು ತಿಮ್ಮಮ್ಮ ತಲೆಯ ಮೇಲಿನ ಚೀಲ ಸರಿಮಾಡಿಕೊಂಡು.

ಅಷ್ಟರಲ್ಲಿ ನಲ್ಲಿಯಲ್ಲಿ ಗೊರಗೊರ ಸದ್ದಾಯಿತು. ಬೀದಿಯ ಎಲ್ಲ ಮನೆಗಳಲ್ಲೂ ಹೆಂಗಸರು ಪೈಪು ಹಿಡಿದು ಹೊರಗೆ ಬಂದರು. ಚಿಕ್ಕರಾಜು ಅತ್ತ ನೋಡಿದ, ಇತ್ತ ನೋಡಿದ. ಎದುರು ಬಾಗಿಲಲ್ಲಿ ಅಂಬುಜಮ್ಮ ನಿಂತು ಇವರ ಮನೆಯ ಕಡೆಗೇ ಕಣ್ಣಿಟ್ಟಿದ್ದಳು. ಅವನು ಬಗ್ಗಿ, ಪೈಪಿನ ತುದಿ ಎತ್ತಿಕೊಂಡು, ನೀಲಿ ಡ್ರಮ್ಮಿಗೆ ಇಳಿಬಿಟ್ಟ.

ನೀರು ಬೀಳುವ ಆ ಸದ್ದು ಊರ ಬಾಗಿಲ ಬೇವಿನಮರದತನಕವೂ ಕೇಳುತ್ತಿತ್ತು. ತಿಮ್ಮಮ್ಮ ಹಿಂದೆ ತಿರುಗಿ ನೋಡಲಿಲ್ಲ. ಸೊಸೆ ನಯನ, ಅತ್ತೆ ತಿಮ್ಮಮ್ಮ, ಒಂದು ಗೋಣಿಚೀಲ ಅನಾನಸ್ ಮರಿ: ಇಷ್ಟು ಆ ಮನೆ ಬಿಟ್ಟು ಹೋದದ್ದು ಶುಕ್ರವಾರ, ನಲ್ಲಿಯಲ್ಲಿ ನೀರು ಬಂದ ಹೊತ್ತಿಗೆ.